ಬಾಯಿಮಾತಿಗೆ ಸೊನ್ನೆ

ಒಂದು ಅಂಕಿಯನ್ನು ಒತ್ತಲಿಲ್ಲವೆಂದು ನನ್ನನ್ನು ಕೆಲಸದಿಂದ ತೆಗೆದರು. ಆ ಅಂಕಿ ನಾಲ್ಕು. ನಾಲ್ಕೂವರೆ ವರ್ಷದಲ್ಲಿ ಅದನ್ನು ಸಾವಿರಾರು ಸಲ ಒತ್ತಿದ್ದೆ. ಒಮ್ಮೆ ಒತ್ತಲಿಲ್ಲ.

ನಾನು ಪಂಕಜಾ. ಕೊಪ್ಪಳದ ಕಡೆಯವಳು. ಇತಿಹಾಸದಲ್ಲಿ ಎಂ.ಎ. ಮಾಡಿ ಆರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ಗಂಡ ಜಯಂತ ಇಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಾನೆ. ಅವನ ಜೊತೆ ಇಲ್ಲಿನ ಮೀರಾ ಮೆಸಾ ಬಡಾವಣೆಗೆ ಬಂದು, ವರ್ಕ್ ಪರ್ಮಿಟ್‌ಗಾಗಿ ಮೂರು ವರ್ಷ ಮನೆಯಲ್ಲಿ ಕೂತು, 2021ರ ಜನವರಿಯಲ್ಲಿ ಉದಯಶಂಕರ ಅವರ ಕಂಪನಿಗೆ ಸೇರಿದೆ.

ಅದರ ಹಿಂದಿನ ಬೇಸಿಗೆಯಲ್ಲಿ ಈ ದೇಶದ ಊರೂರಲ್ಲೂ ಜನ ಬೀದಿಗಿಳಿದಿದ್ದರು. ಒಬ್ಬ ಪೊಲೀಸ್ ಒಬ್ಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಮೊಣಕಾಲೂರಿ ಕೊಂದಿದ್ದ. ಇಂಥದ್ದು ಯಾಕೆ ಆಗುತ್ತದೆ, ಮುಂದೆ ಎಲ್ಲಿ ಆಗುತ್ತದೆ ಎಂದು ತಿಳಿಯುವ ಆತುರ ಎಲ್ಲ ಊರುಗಳಿಗೂ ಹತ್ತಿತ್ತು. ಉದಯಶಂಕರ ಅವರು ಬೆಂಗಳೂರಿನವರು, ಹತ್ತಿರದ ಊರು ಕಾರ್ಲ್ಸ್‌ಬಾಡ್‌ನಲ್ಲಿ ಕಂಪನಿ ನಡೆಸುತ್ತಿದ್ದರು. ನೂರೈವತ್ತು ವರ್ಷಗಳಲ್ಲಿ ಅಮೆರಿಕದ ನಗರಗಳಲ್ಲಿ ಜನ ಬೀದಿಗೆ ಬಂದ ಪ್ರತಿಯೊಂದು ಸಂದರ್ಭವನ್ನೂ ಹುಡುಕಿ, ವಿಂಗಡಿಸಿ, ಕಂಪ್ಯೂಟರಿಗೆ ತುಂಬುವ ಕೆಲಸ ಅವರಿಗೆ ಸಿಕ್ಕಿತು. ಇತಿಹಾಸ ಓದಿದವರು ಬೇಕಾಗಿದ್ದರು. ನನ್ನನ್ನು ಕರೆದರು. ನಾನು ಖುಷಿಯಿಂದಲೇ ಹೋದೆ.

ಕೆಲಸ ಹೀಗಿತ್ತು. ಒಂದು ಹಳೆಯ ಪತ್ರಿಕೆಯ ತುಣುಕೋ ಪೊಲೀಸ್ ವರದಿಯೋ ತೆರೆಯ ಮೇಲೆ ಬರುತ್ತದೆ. ಓದಬೇಕು. ಯಾವ ಊರು, ಯಾವ ದಿನ, ಎಷ್ಟು ಸಾವು, ಎಷ್ಟು ಬಂಧನ, ಎಲ್ಲ ತುಂಬಬೇಕು. ಕೊನೆಗೆ ಒಂದು ಅಂಕಿ. ಒಂದೆಂದರೆ ಸಭೆ. ಎರಡೆಂದರೆ ಪ್ರತಿಭಟನೆ. ಮೂರು ಅಶಾಂತಿ. ನಾಲ್ಕು ಗಲಭೆ. ಒಂದೊಂದಕ್ಕೆ ಒಂದೂವರೆ ನಿಮಿಷ. ತೆರೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ಯಾವ ಅಂಕಿ ಎಂದು ನಾವು ಯೋಚಿಸಬೇಕಾಗಿರಲಿಲ್ಲ. ಕೈಪಿಡಿ ಇತ್ತು. ಪೊಲೀಸ್ ವರದಿಗೆ ಮೂರರ ತೂಕ. ಪತ್ರಿಕೆಗೆ ಎರಡು. ಅಲ್ಲಿದ್ದ ಜನ ಬಾಯಿಬಿಟ್ಟು ಹೇಳಿದ್ದಕ್ಕೆ ಸೊನ್ನೆ. ಅದನ್ನು ಟೈಪ್ ಮಾಡಲು ಜಾಗವಿತ್ತು, ತೂಕವಿರಲಿಲ್ಲ. ಕೂಡಿಸಿ ಕಳೆದು, ಯಾವ ಹೆಸರಿನ ಕಡೆ ತೂಕ ಹೆಚ್ಚೋ ಅದರ ಅಂಕಿಯನ್ನು ಕಂಪ್ಯೂಟರೇ ತೋರಿಸುತ್ತಿತ್ತು. ನಾವು ಅದನ್ನು ಒತ್ತಿ ದೃಢಪಡಿಸಬೇಕು, ಅಷ್ಟೇ.

1871ರಲ್ಲಿ ಲಾಸ್ ಏಂಜಲೀಸಿನಲ್ಲಿ ಸುಮಾರು ಐನೂರು ಜನ ಸೇರಿ ಹದಿನೆಂಟು ಚೀನೀಯರನ್ನು ಕೊಂದರು. ಎಳೆದು ತಂದು ನೇಣು ಹಾಕಿದರು. ಪತ್ರಿಕೆಯಲ್ಲಿ ಗಲಭೆ ಎಂದಿತ್ತು. ನಾಲ್ಕು. 1912ರಲ್ಲಿ ಸ್ಯಾನ್ ಡಿಯಾಗೋದ ಬೀದಿಯಲ್ಲಿ ನಿಂತು ಭಾಷಣ ಮಾಡಿದ ಕೂಲಿಕಾರರನ್ನು ಊರಿನವರೇ ಹೊತ್ತೊಯ್ದು ಬಡಿದರು. ಮೂರು. 1943ರಲ್ಲಿ ಸಿಪಾಯಿಗಳು ಮೆಕ್ಸಿಕನ್ ಹುಡುಗರನ್ನು ಬೀದಿಯಲ್ಲಿ ಬಟ್ಟೆ ಬಿಚ್ಚಿಸಿ ಹೊಡೆದರು, ಪೊಲೀಸರು ಹೊಡೆತ ತಿಂದವರನ್ನೇ ಹಿಡಿದೊಯ್ದರು. ನಾಲ್ಕು. 1965, ಲಾಸ್ ಏಂಜಲೀಸಿನ ಕಪ್ಪು ಜನ ಪೊಲೀಸರ ವಿರುದ್ಧ ಎದ್ದರು, ನಾಲ್ಕು. 1992, ಅಲ್ಲೇ ಮತ್ತೆ ಎದ್ದರು, ನಾಲ್ಕು. ಕೊಲ್ಲಲು ಬಂದವರೂ ನಾಲ್ಕು. ಸಾಕಾಗಿ ಎದ್ದವರೂ ನಾಲ್ಕು.

ಯಾರು ಯಾರಿಗೆ ಹೊಡೆದರು ಎಂಬ ಕಾಲಂ ಇಲ್ಲವಲ್ಲ ಎಂದು ಒಮ್ಮೆ ಉದಯಶಂಕರ ಅವರನ್ನು ಕೇಳಿದೆ. ಕಾಲಂ ಜಾಸ್ತಿಯಾದರೆ ಡೇಟಾ ಗಲೀಜಾಗುತ್ತದೆ ಎಂದರು. ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತಿತ್ತು. ಮೀರಾ ಮೆಸಾದ ಅಂಗಡಿಗಳಲ್ಲಿ ಸಿಗುವ ಕನ್ನಡದ ಹೆಂಗಸರು ನಿಮ್ಮ ಮನೆದೇವರು ಯಾವುದು ಎಂದು ಕೇಳಿದಾಗ ನಾನು ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುತ್ತಿದ್ದೆ. ಜಯಂತನೂ ಅಷ್ಟೇ. ಕೊಪ್ಪಳದ ಕಡೆಯವರು ಎಂದು ಹೇಳಿ ಕ್ರಿಕೆಟ್ಟಿಗೆ ಜಾರುತ್ತಿದ್ದ.

2023ರ ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ಉದಯಶಂಕರ ಅವರು ಆಫೀಸಿನ ಕನ್ನಡದವರನ್ನೆಲ್ಲ ಮನೆಗೆ ಕರೆದರು. ಊಟವಾಯಿತು. ಆಮೇಲೆ ಅವರ ಹೆಂಡತಿ ಕಲಾವತಿ ಒಂದು ಕಾಗದ, ಪೆನ್ನು ಹಿಡಿದು ಬಂದರು. ಜಾತಿಯ ಹೆಸರಲ್ಲಿ ತಾರತಮ್ಯ ಮಾಡಬಾರದು ಎಂಬ ಮಸೂದೆಯೊಂದು ಕ್ಯಾಲಿಫೋರ್ನಿಯಾದಲ್ಲಿ ಗವರ್ನರ್ ಸಹಿಗೆ ಕಾದಿತ್ತು. ಸಹಿ ಹಾಕಬೇಡಿ ಎಂದು ಕೇಳಿಕೊಳ್ಳುವ ಕಾಗದ ಅದು. ಇಲ್ಲಿ ಜಾತಿ ಎಲ್ಲಿದೆ, ಸುಮ್ಮನೆ ನಮ್ಮ ಮಕ್ಕಳಿಗೆ ಕೆಟ್ಟ ಹೆಸರು ಎಂದು ಅವರು ಎಲ್ಲರಿಗೂ ಹೇಳುತ್ತ ಬಂದರು. ಎಲ್ಲರೂ ಸಹಿ ಹಾಕಿದರು. ಜಯಂತ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದ. ಪೆನ್ನು ನನ್ನ ಮುಂದೆ ಬಂತು.

"ನಾ ಹಾಕೂದಿಲ್ರೀ" ಎಂದೆ.

ಅಷ್ಟೇ ಹೇಳಿದ್ದು. ಕಾರಣ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಕಲಾವತಿಯವರ ಕಣ್ಣು ನನ್ನ ಮುಖದಿಂದ ನನ್ನ ತಟ್ಟೆಗೆ ಇಳಿಯಿತು.

ಮುಂದಿನ ವಾರ ನನ್ನನ್ನು ಕಾರ್ಲ್ಸ್‌ಬಾಡ್‌ನ ಮೇಜಿನಿಂದ ಎಬ್ಬಿಸಿ ಲಾಸ್ ಏಂಜಲೀಸಿನ ಗೋದಾಮಿಗೆ ಹಾಕಿದರು. ಅನುಭವ ಇರುವವರು ಅಲ್ಲಿಗೆ ಬೇಕು ಎಂದರು. ಬೆಳಿಗ್ಗೆ ಐದಕ್ಕೆ ಮನೆ ಬಿಡಬೇಕು. ಎರಡೂವರೆ ಗಂಟೆ ಡ್ರೈವ್. ಬಟ್ಟೆ ಹೊಲಿಯುವ ಕಾರ್ಖಾನೆಗಳ ನಡುವೆ ಕಿಟಕಿಯಿಲ್ಲದ ಒಂದು ಕಟ್ಟಡ. ಒಳಗೆ ಸೂರಿನವರೆಗೆ ಪೆಟ್ಟಿಗೆಗಳು. ಹಳೆಯ ಬಂಧನದ ಕಾರ್ಡುಗಳು, ವರದಿಗಳು. ಒಂದೊಂದು ಪೆಟ್ಟಿಗೆ ಹದಿನೈದು ಕಿಲೋ. ಏಣಿ ಹತ್ತಿ ಇಳಿಸಬೇಕು, ಕಾಗದ ಬಿಡಿಸಬೇಕು, ಸ್ಕ್ಯಾನರ್ ಮುಂದೆ ನಿಂತೇ ಒಂದೊಂದನ್ನೂ ಒತ್ತಬೇಕು, ಅಲ್ಲೇ ಅಂಕಿ ಹಾಕಬೇಕು, ಮತ್ತೆ ಪೆಟ್ಟಿಗೆ ಮೇಲೇರಿಸಬೇಕು. ಕುರ್ಚಿ ಕೊಡಲಿಲ್ಲ. ಆ ಧೂಳಿಗೆ ಮೂಗಿನಿಂದ ಕರಿಯ ನೀರು ಬರುತ್ತಿತ್ತು. ಮೂರು ತಿಂಗಳಿಗೆ ಬಲಗೈ ಮಣಿಕಟ್ಟು ಊದಿಕೊಂಡಿತು. ಸೊಂಟ ಹಿಡಿದು ಒಮ್ಮೆ ಏಣಿಯ ಮೇಲೆಯೇ ನಿಂತುಬಿಟ್ಟೆ. ಇಳಿಯಲು ಆಗಲಿಲ್ಲ.

ಇಳಿಸಿದವಳು ಅರಸೇಲಿ. ಗೋದಾಮಿನ ನೆಲ ಗುಡಿಸಿ, ಲಾರಿಗೆ ಪೆಟ್ಟಿಗೆ ಹೇರುತ್ತಿದ್ದ ಮೆಕ್ಸಿಕೋದ ಹೆಂಗಸು. ನನಗಿಂತ ಗಿಡ್ಡ, ನನಗಿಂತ ಎರಡು ಪಟ್ಟು ಗಟ್ಟಿ. ತನ್ನ ಸೊಂಟದ ಬೆಲ್ಟು ಬಿಚ್ಚಿ ನನಗೆ ಬಿಗಿದಳು. ಭಾರವನ್ನು ಬೆನ್ನಿನಿಂದಲ್ಲ, ತೊಡೆಯಿಂದ ಎತ್ತಬೇಕು ಎಂದು ಕುಕ್ಕರುಗಾಲಲ್ಲಿ ಕೂತು ತೋರಿಸಿದಳು. ನಮ್ಮಿಬ್ಬರದೂ ಮುರುಕು ಇಂಗ್ಲಿಷ್. ಅದು ಸಾಕಾಗುತ್ತಿತ್ತು.

2024ರಲ್ಲಿ ಒಂದು ದಿನ ಕೋಲು ಹಿಡಿದ ಕಪ್ಪು ಮುದುಕಿಯೊಬ್ಬರು ಗೋದಾಮಿಗೆ ಬಂದರು. ಹೆಸರು ಎಸ್ಟೆಲ್. ಎಪ್ಪತ್ತೊಂದು ವರ್ಷ. ಅವರ ಅಣ್ಣನ ಕಾರ್ಡು ಇಲ್ಲಿದೆ ಎಂದು ಯಾರೋ ಹೇಳಿದ್ದರಂತೆ. 1965ರ ಆಗಸ್ಟಿನಲ್ಲಿ ದಕ್ಷಿಣ ಲಾಸ್ ಏಂಜಲೀಸಿನಲ್ಲಿ ಜನ ಎದ್ದಾಗ ಅಣ್ಣನಿಗೆ ಹತ್ತೊಂಬತ್ತು. ಟೈರ್ ಅಂಗಡಿಯ ಕೆಲಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದವನನ್ನು ಹಿಡಿದರು. ಕೈಯಲ್ಲಿ ಇದ್ದದ್ದು ಊಟದ ಡಬ್ಬಿ. ಗಲಭೆಕೋರ ಎಂದು ಬರೆದರು. ಆ ಒಂದು ಮಾತು ಸಾಯುವವರೆಗೆ ಅವನ ಹಿಂದೆಯೇ ಬಂತು. ಎಲ್ಲಿ ಕೆಲಸ ಕೇಳಿದರೂ ಅವನಿಗಿಂತ ಮೊದಲು ಆ ಕಾರ್ಡು ಹೋಗಿ ಕೂತಿರುತ್ತಿತ್ತು.

ನಾನು ಎರಡು ದಿನ ಪೆಟ್ಟಿಗೆ ತಡಕಾಡಿ ಕಾರ್ಡು ಹುಡುಕಿದೆ. ಎಸ್ಟೆಲ್ ಹೇಳಿದ್ದನ್ನೆಲ್ಲ ಅವರ ಎದುರೇ ಟೈಪ್ ಮಾಡಿದೆ. ಬಾಯಿಮಾತು ಎಂಬ ಜಾಗದಲ್ಲಿ ಅದು ಹೋಗಿ ಕೂತಿತು. ಅಂಕಿ ಅಲುಗಲಿಲ್ಲ. ನಾಲ್ಕು ನಾಲ್ಕೇ ಆಗಿ ಉಳಿಯಿತು. ಯಾಕೆ ಎಂದು ಅವರು ಕೇಳಿದರು. ತೂಕದ ಲೆಕ್ಕ ಹೇಳಿದೆ. ಅವರು ತೆರೆಯ ಹತ್ತಿರ ಬಗ್ಗಿ ನೋಡಿದರು.

"ನಮ್ಮಮ್ಮ ಅವನ ದಾರಿ ಕಾಯುತ್ತ ಮೂರು ದಿನ ಬಾಗಿಲಲ್ಲೇ ಕೂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಅದು ಸೊನ್ನೆಯೇ?"

ನಾವು ಅದನ್ನು ಗಲಭೆ ಎನ್ನುವುದಿಲ್ಲ, ನಾವು ಎದ್ದೆವು ಎನ್ನುತ್ತೇವೆ, ಅದಕ್ಕೆ ಇದರಲ್ಲಿ ಯಾವ ಅಂಕಿ ಎಂದು ಕೇಳಿದರು. ಇಲ್ಲ ಎಂದೆ. ತಮ್ಮ ಫೋನ್ ನಂಬರ್ ಕೊಟ್ಟು, ನನ್ನದನ್ನು ಬರೆದುಕೊಂಡು ಹೊರಟುಹೋದರು. ಅವರು ಹೋದ ಮೇಲೆ ಕಾರ್ಡನ್ನು ದೃಢಪಡಿಸಿದೆ. ನಾಲ್ಕು. ನನ್ನ ಕೈಯಿಂದಲೇ. ಅದನ್ನು ಮುಚ್ಚಿಡುವುದಿಲ್ಲ.

2025ರ ಜೂನ್ ಬಂತು. ಲಾಸ್ ಏಂಜಲೀಸಿನಲ್ಲಿ ವಲಸೆ ಇಲಾಖೆಯವರು ಕಾಗದಪತ್ರ ಇಲ್ಲದವರನ್ನು ಕೆಲಸದ ಜಾಗದಿಂದಲೇ ಹಿಡಿದೊಯ್ಯುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಬೀದಿಗೆ ಮೂರು ವ್ಯಾನು ಬಂದವು. ಮುಖ ಮುಚ್ಚಿಕೊಂಡವರು ಇಳಿದರು. ಪಕ್ಕದ ಹೊಲಿಗೆ ಕಾರ್ಖಾನೆಯಿಂದ ಹನ್ನೊಂದು ಜನರನ್ನು ಎಳೆದರು. ಅರಸೇಲಿ ಆಗ ಗೇಟಿನ ಹೊರಗೆ ಕಸ ಹಾಕಲು ಹೋಗಿದ್ದಳು. ಅವಳನ್ನೂ ಹಿಡಿದರು. ಕೈಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಅವಳು ತಿರುಗಿ ಗೋದಾಮಿನ ಕಡೆ ನೋಡಿದಳು.

ಸುತ್ತಲ ಅಂಗಡಿಗಳಿಂದ ಜನ ಓಡಿ ಬಂದರು. ವ್ಯಾನಿನ ಮುಂದೆ ರಸ್ತೆಯಲ್ಲಿ ಕೂತರು. ನಾನು ಗೇಟಿನ ಒಳಗೆ ನಿಂತಿದ್ದೆ. ನನ್ನ ಕಾಗದವೂ ಅಂಥ ಗಟ್ಟಿಯಲ್ಲ. ಒಂದು ಬಂಧನವಾದರೆ ವೀಸಾ ಹೋಗುತ್ತದೆ, ಜಯಂತನ ಬದುಕೂ ಹೋಗುತ್ತದೆ. ಇದೆಲ್ಲ ಗೊತ್ತಿತ್ತು. ಗೇಟಿನ ಕಂಬಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಆಮೇಲೆ ಗೇಟು ತೆಗೆದು ಹೋಗಿ ಕೂತೆ. ಟಾರು ಸುಡುತ್ತಿತ್ತು.

ನಾವು ಸುಮಾರು ಎಂಬತ್ತು ಜನ ಇದ್ದೆವು. ಹಾಡು ಕೂಡ ಇರಲಿಲ್ಲ. ಕೂತಿದ್ದೆವು, ಅಷ್ಟೇ. ಹನ್ನೊಂದೂಕಾಲಕ್ಕೆ ಪೊಲೀಸರು ಬಂದರು. ಚದುರಿ ಎಂದು ಒಮ್ಮೆ ಹೇಳಿದರು. ಎರಡನೇ ಸಲ ಹೇಳಲಿಲ್ಲ. ಹೊಗೆಯ ಡಬ್ಬಿಗಳು ಉರುಳಿ ಬಂದವು. ಕಣ್ಣಿಗೆ ಖಾರದ ಪುಡಿ ತುಂಬಿದ ಹಾಗಾಯಿತು. ಏಳುವಷ್ಟರಲ್ಲಿ ರಬ್ಬರಿನ ಗುಂಡು ನನ್ನ ಎಡತೊಡೆಗೆ ಬಿತ್ತು. ಬಿದ್ದೆ. ಯಾರೋ ಕಂಕುಳಲ್ಲಿ ಕೈ ಹಾಕಿ ಎಳೆದರು. ಹೊಗೆ ಬಂದ ಮೇಲೆ ಒಬ್ಬರು ನೀರಿನ ಬಾಟಲಿ ಎಸೆದರು. ಅದನ್ನೂ ಹೇಳುತ್ತೇನೆ. ಒಂದು ಬಾಟಲಿ. ಹೊಗೆ ಬಂದ ಮೇಲೆ. ವ್ಯಾನುಗಳು ಹೋದವು. ಅರಸೇಲಿಯೂ ಹೋದಳು.

ಸಂಜೆ ಮನೆಯಲ್ಲಿ ತೊಡೆ ನೀಲಿಯಾಗಿ, ತೆಂಗಿನ ಚಿಪ್ಪಿನಷ್ಟು ಊದಿತ್ತು. ಜಯಂತ ನೋಡಿದ. ಮಂಜುಗಡ್ಡೆ ತಂದು ಇಟ್ಟ.

"ಯಾಕ ಹೋದಿ?" ಎಂದ.

"ಆಕಿನ್ನ ಎಳಕೊಂಡು ಹೊಂಟಿದ್ರು."

"ನಿನ್ನ ಎಳಕೊಂಡು ಹೋಗಿದ್ರ ನಾ ಎಲ್ಲಿ ಹುಡುಕಬೇಕಿತ್ತು?"

ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಮೂರನೆಯ ದಿನ ಕೆಲಸಕ್ಕೆ ಹೋದೆ. ಗೋದಾಮಿನ ನೆಲ ಗುಡಿಸಿರಲಿಲ್ಲ.

ಹೊಸ ಘಟನೆಗಳೂ ನಮಗೆ ಬರುತ್ತಿದ್ದವು. ಆ ದಿನ ಮಧ್ಯಾಹ್ನ ತೆರೆಯ ಮೇಲೆ ನಮ್ಮದೇ ಬೀದಿಯ ಹೆಸರು ಬಂತು. ಪೊಲೀಸ್ ಪ್ರಕಟಣೆ. ಇನ್ನೂರು ಜನರ ಗುಂಪು ಕಲ್ಲು, ಬಾಟಲಿ ತೂರಿತು, ಆದ್ದರಿಂದ ಬಲಪ್ರಯೋಗ ಅನಿವಾರ್ಯವಾಯಿತು, ಗಲಭೆ ನಿಯಂತ್ರಣಕ್ಕೆ ಬಂತು ಎಂದಿತ್ತು. ಪತ್ರಿಕೆ ಅದನ್ನೇ ಅಚ್ಚು ಹಾಕಿತ್ತು. ಮೂರು ಕೂಡಿಸು ಎರಡು, ಎಲ್ಲ ತೂಕವೂ ಗಲಭೆಯ ಕಡೆಗೇ. ತೆರೆಯ ಮೇಲೆ ನಾಲ್ಕು ಮೂಡಿತು. ದೃಢಪಡಿಸಿ ಎಂದು ಕೇಳಿತು.

ಬಾಯಿಮಾತಿನ ಜಾಗದಲ್ಲಿ ನಾನು ಬರೆದೆ. ಎಂಬತ್ತು ಜನ. ಕೂತಿದ್ದರು. ಮೊದಲು ಹೊಗೆ, ಆಮೇಲೆ ಬಾಟಲಿ, ಒಂದು. ಬರೆಯುತ್ತಿರುವವಳು ಅಲ್ಲಿದ್ದಳು. ಅಂಕಿ ಅಲುಗಲಿಲ್ಲ. ಗಡಿಯಾರ ಸೊನ್ನೆಗೆ ಬಂದು ಕೆಂಪಾಗಿ ಮಿಣುಕತೊಡಗಿತು. ತೆರೆಯಲ್ಲಿ ಅದರ ಹಿಂದೆ ನೂರಾರು ದಾಖಲೆ ಸಾಲುಗಟ್ಟಿದವು. ನಾನು ಕೈಯನ್ನು ಕೀಬೋರ್ಡಿನಿಂದ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಸಂಜೆಯವರೆಗೆ ಹಾಗೇ ನಿಂತೆ.

ಮರುದಿನ ಉದಯಶಂಕರ ಅವರು ಕಾರ್ಲ್ಸ್‌ಬಾಡ್‌ಗೆ ಕರೆಸಿದರು. ಕೂರಲು ಹೇಳಿದರು. ನಿಂತೇ ಇದ್ದೆ. ಸಿಟ್ಟು ಮಾಡಲಿಲ್ಲ. ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು. ಅಂಕಿ ಹಾಕುವವರು ಘಟನೆಯ ಒಳಗೆ ಇರಬಾರದು, ಅದು ಪಕ್ಷಪಾತ ಎಂದರು. ಪೊಲೀಸರು ಘಟನೆಯ ಒಳಗೆ ಇರಲಿಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿ ಪಂಕಜಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮವರಿಗೆ ಎಲ್ಲಾದರಲ್ಲೂ ಅನ್ಯಾಯಾನೇ ಕಾಣುತ್ತೆ. ಇಲ್ಲಿಗೆ ಬಂದ ಮೇಲಾದ್ರೂ ಅದನ್ನ ಬಿಡಬೇಕು."

"ನಮ್ಮವರು ಅಂದ್ರ ಯಾರು ಸರ್?"

ಅವರು ಕಿಟಕಿಯ ಕಡೆ ನೋಡಿದರು.

"ಮಾದಿಗರು ಅನ್ರಿ" ಎಂದೆ. "ಬಾಯಿ ಸುಡೂದಿಲ್ಲ."

ಹದಿನೈದು ವರ್ಷವಾಗಿತ್ತು ನಾನು ಆ ಮಾತನ್ನು ಹೊರಗೆ ಆಡಿ. ಒಮ್ಮೆ ಬಂದ ಮೇಲೆ ಉಳಿದದ್ದೂ ಬಂತು. ನಮ್ಮೂರಿನ ಹೋಟೆಲಿನಲ್ಲಿ ನಮಗೆ ಬೇರೆ ಚಹಾದ ಕಪ್ಪು ಇತ್ತು. ಹೊರಗಿನ ಗೂಟಕ್ಕೆ ತೂಗುಹಾಕಿರುತ್ತಿದ್ದರು. ಕುಡಿದು ನಾವೇ ತೊಳೆದು ಹಾಕಬೇಕು. 1989ರಲ್ಲಿ ನನ್ನಪ್ಪ ದುರುಗಪ್ಪ, ಇನ್ನೂ ಐದು ಜನ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಚಹಾ ಕೇಳಿದರು. ಬೇರೇನೂ ಮಾಡಲಿಲ್ಲ. ಆ ಸಂಜೆ ನಮ್ಮ ಕೇರಿಯ ಹದಿನಾಲ್ಕು ಗುಡಿಸಲು ಸುಟ್ಟರು. ಪೊಲೀಸರು ಎರಡು ಗುಂಪುಗಳ ನಡುವೆ ಗಲಭೆ ಎಂದು ಬರೆದುಕೊಂಡರು. ಮೊದಲನೇ ಆರೋಪಿ ದುರುಗಪ್ಪ. ಅಪ್ಪ ಹನ್ನೊಂದು ವರ್ಷ ತಾಲೂಕು ಕೋರ್ಟಿಗೆ ಅಲೆದ. ಕೂಲಿ ಬಿಟ್ಟು ಅಲೆದ. ಬಿಡುಗಡೆಯಾದ ದಿನ ನ್ಯಾಯಾಧೀಶರಿಗೆ ಅವನು ಕೇಳಿದ್ದು ಒಂದೇ. ನಾವು ಕೂತಿದ್ದೆವು ಎಂದು ಎಲ್ಲಾದರೂ ಬರೆದುಕೊಂಡಿರಾ ಎಂದು. ಮುಂದಿನ ಕೇಸು ಕೂಗಿದರು.

ಇದನ್ನೆಲ್ಲ ಉದಯಶಂಕರ ಅವರ ಮುಂದೆ ನಿಂತು ಹೇಳಿದೆ. ಪಾಪ ಎಂದರು. ಆಮೇಲೆ ದಾಖಲೆಯನ್ನು ದೃಢಪಡಿಸುತ್ತೀರಾ ಇಲ್ಲವಾ ಎಂದು ಕೇಳಿದರು.

"ಇಲ್ಲ" ಎಂದೆ.

ಹತ್ತು ನಿಮಿಷದಲ್ಲಿ ನನ್ನ ಬ್ಯಾಡ್ಜ್ ತೆಗೆದುಕೊಂಡರು.

ಅರಸೇಲಿಯನ್ನು ಜುಲೈ ಕೊನೆಗೆ ಗಡಿಯಾಚೆ ಬಿಟ್ಟರು. ಅವಳ ಇಬ್ಬರು ಹೆಣ್ಣುಮಕ್ಕಳು ಈಚೆ ಇದ್ದಾರೆ. ಅಕ್ಟೋಬರಿನಲ್ಲಿ ಕಂಪನಿಯ ಪಟ್ಟಿ ಎಲ್ಲರಿಗೂ ಕಾಣುವಂತೆ ಹೊರಬಿತ್ತು. ನಮ್ಮ ಬೀದಿಯನ್ನು ಹುಡುಕಿದೆ. ನಾಲ್ಕು ಎಂದಿತ್ತು. ನಾನು ಬರೆದ ಬಾಯಿಮಾತು ಇರಲಿಲ್ಲ. ಅಡಿಯಲ್ಲಿ ದೃಢಪಡಿಸಿದವರು ಎಂದು ಒಂದು ಸಾಲು ಇತ್ತು. ಪಂಕಜಾ ದುರುಗಪ್ಪ.

ಯಾರೋ ಒತ್ತಿದ್ದಾರೆ. ಹೆಸರು ನನ್ನದೇ ಬಿಟ್ಟಿದ್ದಾರೆ. ತಿದ್ದಿ ಎಂದು ಏಳು ಮೇಲ್ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಏಳು ಸಲ ಉತ್ತರ ಬಂತು. ಕೆಲಸ ಹೋದದ್ದನ್ನು ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ.

ಆಗ ಎಸ್ಟೆಲ್ ಫೋನ್ ಮಾಡಿದರು. ಅವರಿರುವುದು ಲಾಸ್ ಏಂಜಲೀಸಿಗೆ ಅಂಟಿಕೊಂಡ ಒಂದು ಸಣ್ಣ ನಗರದಲ್ಲಿ. ಅಲ್ಲಿನ ನಗರಸಭೆ ಈ ಪಟ್ಟಿಯನ್ನು ಕೊಂಡು, ಯಾವ ಬೀದಿಗೆ ಎಷ್ಟು ಪೊಲೀಸರು, ಯಾರಿಗೆ ಮೆರವಣಿಗೆಯ ಅನುಮತಿ ಎಂದು ಅದರ ಮೇಲೆ ತೀರ್ಮಾನಿಸಲು ಹೊರಟಿತ್ತು. ಎಸ್ಟೆಲ್ ಅವರ ಬೀದಿಯನ್ನು ನಕ್ಷೆಯಲ್ಲಿ ಕೆಂಪು ಮಾಡಿದ್ದರು. 1965ರ ಕಾರ್ಡುಗಳ ಲೆಕ್ಕದಿಂದ. ನಾನು ಒತ್ತಿದ ನಾಲ್ಕುಗಳಿಂದ. ಮಂಗಳವಾರ ಸಾರ್ವಜನಿಕರು ಮಾತಾಡಬಹುದು, ಒಬ್ಬೊಬ್ಬರಿಗೆ ಒಂದು ನಿಮಿಷ, ನೀನು ಬರಬೇಕು ಎಂದರು.

ನಾನು ಒಂದು ಪುಟ ಬರೆದುಕೊಂಡೆ. ಜಯಂತ ಓದಿದ. ಈ ಸಲ ಯಾಕೆ ಎಂದು ಕೇಳಲಿಲ್ಲ. ರಜೆ ಹಾಕಿ ತಾನೇ ಡ್ರೈವ್ ಮಾಡಿದ.

ಮತ ನಮ್ಮ ವಿರುದ್ಧ ಬಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ವರು ಬೇಕು ಎಂದರು, ಒಬ್ಬರು ಬೇಡ ಎಂದರು. ಪಟ್ಟಿಯನ್ನು ಕೊಂಡರು. ನನ್ನ ಹೆಸರು ಇವತ್ತಿಗೂ ಅಲ್ಲೇ ಇದೆ. ಎಂಟನೇ ಮೇಲ್ ಕಳಿಸಿದ್ದೇನೆ.

ಆದರೆ ಆ ದಿನ ಆದದ್ದು ಇಷ್ಟು. ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು ಓದತೊಡಗಿದೆ. ಈ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು, ಇದರಲ್ಲಿ ಸುಳ್ಳಿದೆ, ಆ ಸುಳ್ಳಿನ ಕೆಳಗೆ ನನ್ನ ಹೆಸರಿದೆ ಎಂದೆ. ಅಪ್ಪನ ಬೆಂಚಿಗೆ ಬಂದೆ. ಎಸ್ಟೆಲ್ ಅಣ್ಣನ ಡಬ್ಬಿಗೆ ಬಂದೆ. ಗಂಟೆ ಬಾರಿಸಿತು. ಅಧ್ಯಕ್ಷರು ಸಾಕು ಎಂದರು. ನಿಲ್ಲಿಸಲಿಲ್ಲ. ಮೈಕು ಆರಿಸಿದರು. ಕೂಗಿ ಓದಿದೆ. ಕಾವಲಿನವನು ಬಂದು ಮೊಣಕೈ ಹಿಡಿದ. ಮೆತ್ತಗೆ ಹಿಡಿದಿದ್ದ, ಬಿಡುವ ಹಾಗೆ ಹಿಡಿದಿರಲಿಲ್ಲ. ನನ್ನನ್ನು ಬಾಗಿಲ ಹೊರಗೆ ತಂದು ನಿಲ್ಲಿಸಿದ. ಕಾಗದ ಮೈಕಿನ ಮೇಜಿನ ಮೇಲೆಯೇ ಉಳಿಯಿತು.

ಜಯಂತ ಓಡಿ ಬಂದು ಪಕ್ಕಕ್ಕೆ ನಿಂತ. ಸಭೆಯ ಮಾತು ಹೊರಗಿನ ಗೋಡೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಎಸ್ಟೆಲ್ ಅವರ ಹೆಸರು ಕರೆದರು. ಕೋಲಿನ ಸದ್ದು ನಿಧಾನಕ್ಕೆ ಮುಂದೆ ಹೋಯಿತು. ಅಣ್ಣನ ವಿಷಯ ಹೇಳಲು ಅವರು ಅರವತ್ತು ವರ್ಷ ಕಾದಿದ್ದರು. ಅದನ್ನು ಹೇಳಲಿಲ್ಲ. ನನ್ನ ಕಾಗದ ಎತ್ತಿಕೊಂಡು ನಾನು ಬಿಟ್ಟ ಸಾಲಿನಿಂದ ಓದತೊಡಗಿದರು. ವ್ಯಾನು. ಅರಸೇಲಿಯ ಕೈಗೆ ಬಿಗಿದ ಪಟ್ಟಿ. ನನ್ನ ಅಕ್ಷರ ಗೀಚಿದ ಹಾಗೆ. ತಡವರಿಸಿದರು. ಗಂಟೆ ಬಾರಿಸಿತು. ಅವರ ನಿಮಿಷ ಮುಗಿಯಿತು.

ಮುಂದಿನವರನ್ನು ಕರೆದರು. ಕುರ್ಚಿ ಸರಿದ ಸದ್ದು. ಗಂಡಸಿನ ದನಿ. ಅವರು ಹೊಗೆಯಿಂದ ಓದಿದರು, ಬಾಟಲಿಯವರೆಗೆ ಬಂದರು. ಗಂಟೆ. ಅವರ ನಂತರ ಒಬ್ಬ ಹೆಂಗಸು ಎದ್ದರು. ಆ ದನಿ ನಾನು ಕೇಳಿದ್ದಲ್ಲ. ಯಾರೆಂದು ಇವತ್ತಿಗೂ ತಿಳಿಯದು. ಪುಟದಲ್ಲಿ ಉಳಿದಿದ್ದು ಎರಡೇ ಸಾಲು. ಅವಸರ ಮಾಡದೆ ಓದಿದರು.

"ನಾವು ಕೂತಿದ್ದೆವು. ನಾನು ಅಲ್ಲಿದ್ದೆ."